ಆಂಪ್ಲಿಫೈಯರ್‌ನಲ್ಲಿ 'ಗುಂಯ್' ಸದ್ದೇ? ಅರ್ಥ್ ಪಿನ್ ಮಾತ್ರ ಕೀಳಬೇಡಿ
ಹಾಡು ನಿಲ್ಲಿಸಿದರೂ ಸ್ಪೀಕರ್‌ನಿಂದ 'ಗುಂಯ್' ಎನ್ನುವ ಸದ್ದು ಬರುತ್ತಿದೆಯೇ? ಪವರ್ ಆಂಪ್ಲಿಫೈಯರ್ ಕೆಟ್ಟಿದೆ ಎನ್ನುವ ಮುನ್ನ ಸಣ್ಣ ಪರೀಕ್ಷೆ ಮಾಡಿ. ಅದನ್ನು ಆಫ್ ಮಾಡಿ, ಇನ್‌ಪುಟ್ ಕೇಬಲ್‌ಗಳನ್ನೆಲ್ಲ ತೆಗೆದು ಮತ್ತೆ ಆನ್ ಮಾಡಿ.

ಸದ್ದು ನಿಂತರೆ ದೋಷ ಹೊರಗಿನದು. ಟಿವಿ, ಆಂಪ್ಲಿಫೈಯರ್ ಬೇರೆ ಬೇರೆ ಸಾಕೆಟ್‌ಗಳಲ್ಲಿದ್ದರೆ 'ಗ್ರೌಂಡ್ ಲೂಪ್' ಉಂಟಾಗಿ, 50 ಹರ್ಟ್ಸ್ ವಿದ್ಯುತ್ತಿನ ಸದ್ದು ಸ್ಪೀಕರ್‌ನಲ್ಲಿ ಕೇಳಿಸಬಹುದು. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಜೋಡಿಸಿ ನೋಡಿ.

ಅರ್ಥ್ ಪಿನ್ ಕಿತ್ತರೂ ಸದ್ದು ನಿಲ್ಲಬಹುದು. ಆದರೆ ಒಳಗಿನ ವೈರ್ ಸಡಿಲಗೊಂಡು ಲೋಹದ ಕವಚಕ್ಕೆ ತಗುಲಿದರೆ, ಮುಟ್ಟಿದವರಿಗೆ 230 ವೋಲ್ಟ್ ಶಾಕ್ ಹೊಡೆಯುತ್ತದೆ. ಪ್ರಾಣಕ್ಕೇ ಕುತ್ತು.

ಕೇಬಲ್ ತೆಗೆದ ಮೇಲೂ ಸದ್ದು ನಿಲ್ಲದಿದ್ದರೆ ಪವರ್ ಸಪ್ಲೈನ ಕೆಪಾಸಿಟರ್ ಹಾಳಾಗಿರಬಹುದು. ಮುಚ್ಚಳ ನೀವೇ ಬಿಚ್ಚಬೇಡಿ, ಮೆಕ್ಯಾನಿಕ್‌ಗೆ ತೋರಿಸಿ. ಪ್ಲಗ್ ತೆಗೆದ ನಂತರವೂ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ.