28 ಸೆಕೆಂಡಿನ ಸೋಲು, ಒಂದು ವರ್ಷದ ಉತ್ತರ: ಕೋಚ್ ಪೊಪೊವಿಚ್ ತಂಡ ಕಟ್ಟಿದ ಬಗೆ

2013ರ ಜೂನ್ 18, ಅಮೆರಿಕದ ಮಿಯಾಮಿ ನಗರ. ಎನ್‌ಬಿಎ ಬಾಸ್ಕೆಟ್‌ಬಾಲ್ ಫೈನಲ್ ಸರಣಿಯ ಆರನೇ ಪಂದ್ಯ. ಸ್ಯಾನ್ ಆಂಟೋನಿಯೊ ಸ್ಪರ್ಸ್ ಸರಣಿಯಲ್ಲಿ 3-2ರಿಂದ ಮುಂದಿತ್ತು. ಇದೊಂದು ಗೆದ್ದರೆ ಕಪ್ ಅವರದ್ದು. ಆಟಕ್ಕೆ ಉಳಿದದ್ದು 28 ಸೆಕೆಂಡ್, ಸ್ಪರ್ಸ್ 5 ಅಂಕ ಮುಂದೆ. ಮಿಯಾಮಿಯ ಕೆಲವು ಅಭಿಮಾನಿಗಳು ಎದ್ದು ಮನೆಗೆ ಹೊರಟೂ ಆಗಿತ್ತು.

ಆದರೆ 5 ಸೆಕೆಂಡ್ ಬಾಕಿ ಇರುವಾಗ ಮಿಯಾಮಿಯ ರೇ ಅಲೆನ್ ಮೂಲೆಯಿಂದ ಎಸೆದ ಮೂರು ಅಂಕದ ಶಾಟ್ ಒಳಗೆ ಬಿತ್ತು. ಆಟ ಸಮವಾಯಿತು. ಹೆಚ್ಚುವರಿ ಸಮಯದಲ್ಲಿ ಸ್ಪರ್ಸ್ 103-100ರಿಂದ ಸೋತಿತು. ಆ ಕೊನೆಯ ಗಳಿಗೆಯಲ್ಲಿ ತಂಡದ ಎತ್ತರದ ಆಟಗಾರ ಟಿಮ್ ಡಂಕನ್‌ರನ್ನು ಬೆಂಚ್‌ನಲ್ಲಿ ಕೂರಿಸಿದ್ದು ಕೋಚ್ ಗ್ರೆಗ್ ಪೊಪೊವಿಚ್. ಅದಕ್ಕೇ ರಿಬೌಂಡ್ ಕೈತಪ್ಪಿತು ಅಂತ ಟೀಕೆ ಶುರುವಾಯಿತು.

ಗೆದ್ದರೆ ಊಟ ಮಾಡೋಣ ಅಂತ ಅಂದು ರಾತ್ರಿಗೆ ಇಟಾಲಿಯನ್ ಹೋಟೆಲ್ ಒಂದರಲ್ಲಿ ಜಾಗ ಹೇಳಿಯಾಗಿತ್ತು. ಸೋತ ಮೇಲೆ ಯಾರಿಗೆ ಬೇಕು ಊಟ? ಪೊಪೊವಿಚ್ ಮಾತ್ರ ಅದನ್ನು ರದ್ದು ಮಾಡಲಿಲ್ಲ. ಎಲ್ಲರಿಗಿಂತ ಮೊದಲು ತಾವೇ ಅಲ್ಲಿಗೆ ಹೋದರು, ಬಂದ ಆಟಗಾರರನ್ನೂ ಮನೆಯವರನ್ನೂ ಬರಮಾಡಿಕೊಂಡರು, ಮೇಜಿನಿಂದ ಮೇಜಿಗೆ ಹೋಗಿ ಒಬ್ಬೊಬ್ಬರ ಜೊತೆ ಮಾತಾಡಿದರು. ಎರಡು ದಿನದ ನಂತರ ಏಳನೇ ಪಂದ್ಯವನ್ನೂ ಸ್ಪರ್ಸ್ ಸೋತಿತು, ಅದು ಬೇರೆ ಮಾತು.

ಈ ಪೊಪೊವಿಚ್ ಅಮೆರಿಕದ ಏರ್ ಫೋರ್ಸ್ ಅಕಾಡೆಮಿಯಲ್ಲಿ ಕಲಿತವರು. ಸಣ್ಣ ಕಾಲೇಜು ತಂಡವೊಂದಕ್ಕೆ ಕೋಚ್ ಆದ ಮೊದಲ ವರ್ಷ ಗೆದ್ದದ್ದು 2, ಸೋತದ್ದು 22! 1996ರಲ್ಲಿ ಸ್ಪರ್ಸ್ ಕೋಚ್ ಆದರು. ಮುಂದೆ ಐದು ಕಪ್ ಗೆದ್ದರು.

ಆಟಗಾರನನ್ನು ಆರಿಸುವಾಗ ಅವರು ನೋಡುತ್ತಿದ್ದ ಒಂದು ಮುಖ್ಯ ಸಂಗತಿ, 'ನಾನು' ಅನ್ನುವುದನ್ನು ಆತ ದಾಟಿದ್ದಾನೋ ಇಲ್ಲವೋ ಎಂಬುದು. ಅವರ ಬೈಗುಳ ಪ್ರಸಿದ್ಧ. ಆದರೆ ಅದು ಹೊಸ ಹುಡುಗರಿಗಷ್ಟೇ ಮೀಸಲಲ್ಲ, ತಂಡದ ಅತಿ ದೊಡ್ಡ ಸ್ಟಾರ್ ಡಂಕನ್‌ಗೂ ಬೀಳುತ್ತಿತ್ತು. ಡಂಕನ್ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದರು. ಹಾಗಾದ ಮೇಲೆ ಉಳಿದವರು ಮುಖ ಊದಿಸುವುದಾದರೂ ಹೇಗೆ? ಅರ್ಜೆಂಟೀನಾಗೆ 2004ರಲ್ಲಿ ಒಲಿಂಪಿಕ್ ಚಿನ್ನ ತಂದ ಮಾನು ಜಿನೋಬಿಲಿ ಕೂಡಾ ಈ ತಂಡದಲ್ಲಿ ವರ್ಷಗಟ್ಟಲೆ ಬೆಂಚ್‌ನಿಂದ ಎದ್ದು ಬಂದು ಆಡಿದರು. ನಮ್ಮ ಕಡೆ ಟೂರ್ನಮೆಂಟ್‌ಗಳಲ್ಲಿ ಮೊದಲ ಹನ್ನೊಂದರಲ್ಲಿ ಹೆಸರಿಲ್ಲ ಅಂತ ತಂಡವನ್ನೇ ಬಿಡುವವರಿದ್ದಾರೆ.

2013ರ ಶರತ್ಕಾಲದಲ್ಲಿ ಹೊಸ ಸೀಸನ್‌ನ ತರಬೇತಿ ಶುರುವಾಯಿತು. ಸೋತ ಆಟದ ಮಾತೇ ಬೇಡ ಅನ್ನುವವರೇ ಹೆಚ್ಚು. ಪೊಪೊವಿಚ್ ಶುರುವಿನಲ್ಲೇ ಆ ಸೋಲಿನ ವಿಡಿಯೊ ಹಾಕಿ ಎಲ್ಲರನ್ನೂ ಕೂರಿಸಿದರು. ನಷ್ಟದ ಲೆಕ್ಕ ಎಲ್ಲರೆದುರು ತೆರೆದಿಟ್ಟ ಹಾಗೆ. ಅದೃಷ್ಟ ಕೈಕೊಟ್ಟಿತು ಅಂತ ಯಾರೂ ಜಾರಿಕೊಳ್ಳುವ ಹಾಗಿರಲಿಲ್ಲ.

ಆ ಸೀಸನ್‌ನಲ್ಲಿ ಸ್ಪರ್ಸ್ 62 ಪಂದ್ಯ ಗೆದ್ದಿತು. ಒಂದು ಪಂದ್ಯ 48 ನಿಮಿಷ. ಆದರೆ ತಂಡದ ಯಾವ ಆಟಗಾರನ ಸರಾಸರಿಯೂ 30 ನಿಮಿಷ ಮುಟ್ಟಲಿಲ್ಲ. ಕೆಲಸ ಅಷ್ಟು ಹಂಚಿಹೋಗಿತ್ತು. ದಣಿದವರಿಗೆ ರಜೆ ಕೊಡುವುದು ಪೊಪೊವಿಚ್‌ಗೆ ಹೊಸತಲ್ಲ. 2012ರ ನವೆಂಬರ್‌ನಲ್ಲಿ ಡಂಕನ್ ಸೇರಿ ನಾಲ್ವರನ್ನು ಪಂದ್ಯಕ್ಕೆ ಮೊದಲೇ ಊರಿಗೆ ಕಳಿಸಿದ್ದಕ್ಕೆ ಎನ್‌ಬಿಎ ತಂಡಕ್ಕೆ 2,50,000 ಡಾಲರ್ ದಂಡ ಹಾಕಿತ್ತು. ಟಿಕೆಟ್ ಕೊಂಡು ಬಂದವರಿಗೆ ಅದು ಅನ್ಯಾಯವೇ, ಆ ದೂರಿನಲ್ಲಿ ಅರ್ಥವಿದೆ.

ತಂಡದಲ್ಲಿ ಫ್ರಾನ್ಸ್, ಬ್ರೆಜಿಲ್, ಇಟಲಿ, ಆಸ್ಟ್ರೇಲಿಯಾ, ಕೆನಡಾದವರೆಲ್ಲ ಇದ್ದರು. ಕಲ್ಲು ಒಡೆಯುವವನ ಕುರಿತ ಒಂದು ಬರಹ ಆಟಗಾರರ ಕೋಣೆಯಲ್ಲಿ ಅವರವರ ಭಾಷೆಯಲ್ಲೇ ತೂಗುತ್ತಿತ್ತು. ನೂರು ಪೆಟ್ಟಿಗೂ ಬಿರುಕು ಬಿಡದ ಕಲ್ಲು ನೂರಾ ಒಂದನೆಯದಕ್ಕೆ ಸೀಳುತ್ತದೆ, ಆದರೆ ಒಡೆದದ್ದು ಆ ಕೊನೆಯ ಪೆಟ್ಟೊಂದೇ ಅಲ್ಲ ಎಂಬುದು ಅದರ ಸಾರ.

2014ರ ಜೂನ್ ಆರಂಭ. ಫೈನಲ್‌ನಲ್ಲಿ ಮತ್ತೆ ಅದೇ ಮಿಯಾಮಿ. ಜೂನ್ 3ರಂದು ಪೊಪೊವಿಚ್ ತಂಡದ ಮುಂದೆ ಮಾತಾಡಿದ್ದು ಎಡ್ಡಿ ಮಾಬೊ ಎಂಬುವರ ಬಗ್ಗೆ. ಆಸ್ಟ್ರೇಲಿಯಾದ ಟೊರೆಸ್ ಜಲಸಂಧಿ ದ್ವೀಪದ ಈ ಮನುಷ್ಯ ತನ್ನ ಜನರ ಭೂಮಿಯ ಹಕ್ಕಿಗಾಗಿ ಕೋರ್ಟ್‌ನಲ್ಲಿ ಹೋರಾಡಿದವರು. ಆ ಹೋರಾಟಕ್ಕೆ 1992ರ ಜೂನ್ 3ರಂದು ಜಯ ಸಿಕ್ಕಿತು. ಸ್ಪರ್ಸ್‌ನ ಬೆಂಚ್ ಆಟಗಾರ ಪ್ಯಾಟಿ ಮಿಲ್ಸ್ ಅದೇ ದ್ವೀಪದ ಜನಾಂಗದವರು. ತನ್ನವರ ಕಥೆಯನ್ನು ಅಮೆರಿಕದ ಕೋಚ್ ಬಾಯಲ್ಲಿ ಕೇಳುವುದೆಂದರೆ ಸಣ್ಣ ವಿಷಯವಲ್ಲ.

ಆ ಸರಣಿಯನ್ನು ಸ್ಪರ್ಸ್ 4-1ರಿಂದ ಗೆದ್ದಿತು, ನಾಲ್ಕೂ ಗೆಲುವು 15 ಅಥವಾ ಅದಕ್ಕಿಂತ ಹೆಚ್ಚು ಅಂಕದ ಅಂತರದಲ್ಲಿ. ಕೊನೆಯ ಪಂದ್ಯದಲ್ಲಿ ಬೆಂಚ್‌ನಿಂದ ಎದ್ದು ಬಂದ ಮಿಲ್ಸ್ ಹೊಡೆದದ್ದು 17 ಅಂಕ.