ಗಂಟೆಗೊಂದು ಬಣ್ಣದ ರುವಾನ್

ಪ್ಯಾರಿಸ್‌ಗೆ ಹೋದವರು ಹೇಗಾದರೂ ಒಂದು ದಿನ ಉಳಿಸಿಕೊಂಡು ರುವಾನ್ ನೋಡಿಬರಬೇಕು. ಸೇಂಟ್ ಲಜಾರ್ ನಿಲ್ದಾಣದಿಂದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ. ನಾರ್ಮಂಡಿಯ ಈ ಹಳೆಯ ಊರಿನಲ್ಲಿ ಇಳಿದ ಮೇಲೆ ಬಸ್ಸು, ಟ್ಯಾಕ್ಸಿ ಯಾವುದೂ ಬೇಡ. ಕಾಲಿಗೊಪ್ಪುವ ಚಪ್ಪಲಿ ಇದ್ದರೆ ಸಾಕು.

ನಾವಿಬ್ಬರೂ ಬೆಳಗಿನ ರೈಲನ್ನೇ ಹಿಡಿದದ್ದು ಚಿತ್ರಕಾರ ಕ್ಲೋದ್ ಮೊನೆಯ ಕಾರಣಕ್ಕೆ. 1892 ಮತ್ತು 1893ರಲ್ಲಿ ಆತ ಇಲ್ಲಿನ ಕೆಥೆಡ್ರಲ್ ಎದುರಿನ ಮಹಡಿಗಳಲ್ಲಿ ಕೂತು ಅದರ ಮುಂಭಾಗವೊಂದನ್ನೇ ಬರೆಯುತ್ತಾ ಹೋದ. ಬಿಸಿಲು ಸರಿದಂತೆ ಒಂದು ಕ್ಯಾನ್ವಾಸ್ ಇಳಿಸಿ ಇನ್ನೊಂದನ್ನು ಏರಿಸುತ್ತಿದ್ದ. ಮೂವತ್ತಕ್ಕೂ ಹೆಚ್ಚು ಚಿತ್ರಗಳಾದವು. “ಒಂದೇ ಗೋಡೇನ ಅಷ್ಟು ಸಲ ಬರೆಯೋದಾ?” ಎಂದು ಇವರು ಕೇಳಿದರು. ಆ ಮುಂಭಾಗ ಪಶ್ಚಿಮಕ್ಕಿದೆ. ಬೆಳಿಗ್ಗೆ ಸೂರ್ಯ ಕಟ್ಟಡದ ಬೆನ್ನಿಗಿರುವುದರಿಂದ ಕಲ್ಲೆಲ್ಲ ನೀಲಿ ಬೆರೆತ ಬೂದು. ಸಂತರ ಮೂರ್ತಿಗಳು, ಬಳ್ಳಿಯ ಕೆತ್ತನೆ, ಕಮಾನುಗಳು ಒಂದರೊಳಗೊಂದು ಕರಗಿದ್ದವು. “ಮಧ್ಯಾಹ್ನದ ಮೇಲೆ ಇನ್ನೊಮ್ಮೆ ಬರೋಣ, ನೀವೇ ನೋಡುವಿರಂತೆ” ಎಂದೆ.

ಬಲಗಡೆಯದು ಬೆಣ್ಣೆ ಗೋಪುರ. ಈಸ್ಟರ್‌ಗೆ ಮುಂಚಿನ ಉಪವಾಸದಲ್ಲಿ ಹಿಂದೆ ಬೆಣ್ಣೆ ನಿಷಿದ್ಧವಾಗಿತ್ತು. ಕಾಣಿಕೆ ಕೊಟ್ಟವರಿಗೆ ವಿನಾಯಿತಿ ಸಿಗುತ್ತಿತ್ತು. ಆ ಹಣವೇ ಈ ಗೋಪುರವಾಯಿತು ಎನ್ನುತ್ತಾರೆ. ನಡುವೆ ನಿಂತಿರುವ ಎರಕದ ಕಬ್ಬಿಣದ ಶಿಖರ 151 ಮೀಟರ್ ಎತ್ತರದ್ದು. 1876ರಲ್ಲಿ ಮುಗಿದಾಗ ಜಗತ್ತಿನಲ್ಲೇ ಅದಕ್ಕಿಂತ ಎತ್ತರದ ಕಟ್ಟಡವಿರಲಿಲ್ಲ.

ಅಲ್ಲಿಂದ ಮರದ ತೊಲೆಗಳು ಹೊರಗೇ ಕಾಣುವ ಹಳೆಯ ಮನೆಗಳ ನಡುವೆ ನಡೆದರೆ ಗ್ರೋ ಓರ್ಲಾಜ್, ಬೀದಿಗೆ ಅಡ್ಡಲಾಗಿ ಕಟ್ಟಿದ ಕಮಾನಿನ ಮೇಲಿನ ದೊಡ್ಡ ಗಡಿಯಾರ. ಅದರ ಯಂತ್ರ 1389ರದು. ಮುಳ್ಳು ಒಂದೇ, ಗಂಟೆಯದು ಮಾತ್ರ. ಅದರ ತುದಿಯಲ್ಲೊಂದು ಕುರಿ. ಈ ಊರು ಉಣ್ಣೆಯಿಂದ ಸಿರಿವಂತವಾದದ್ದು.

ಬೀದಿ ಕೊನೆಗೊಳ್ಳುವುದು ಹಳೆಯ ಸಂತೆ ಮೈದಾನದಲ್ಲಿ. 1431ರ ಮೇ 30ರಂದು ಫ್ರಾನ್ಸಿನ ವೀರಯುವತಿ ಜೋನ್ ಆಫ್ ಆರ್ಕ್‌ಳನ್ನು ಜೀವಂತ ಸುಟ್ಟದ್ದು ಇಲ್ಲೇ. ಆಗ ಅವಳಿಗೆ ಹತ್ತೊಂಬತ್ತರ ಆಸುಪಾಸಿನ ವಯಸ್ಸು. ಬೂದಿಯನ್ನೂ ಉಳಿಸದೆ ಸೇನ್ ನದಿಗೆ ಸುರಿದರು. ಅವಳಿಗೆ ಆ ಶಿಕ್ಷೆ ವಿಧಿಸಿದ್ದ ತೀರ್ಪು 1456ರಲ್ಲಿ ರದ್ದಾಯಿತು. 1920ರಲ್ಲಿ ಅವಳು ಸಂತಳಾದಳು. ಪಕ್ಕದಲ್ಲೇ ಅವಳ ಹೆಸರಿನ ಚರ್ಚ್, 1979ರ ಕಟ್ಟಡ. ಚೂಪಾಗಿ ಮೇಲೆದ್ದ ಅದರ ಮಾಡು ಹೊರಗಿನಿಂದ ನನಗೆ ಹಿಡಿಸಲಿಲ್ಲ. ಒಳಗೆ ಕಾಲಿಟ್ಟಾಗ ಮಾತ್ರ ಇಬ್ಬರೂ ಬಾಗಿಲಲ್ಲೇ ನಿಂತುಬಿಟ್ಟೆವು. ಬಾಗಿದ ಗೋಡೆಯ ಉದ್ದಕ್ಕೂ ಹದಿನಾರನೇ ಶತಮಾನದ ಬಣ್ಣದ ಗಾಜು! ಕಡುಗೆಂಪು, ಕಡುನೀಲಿ, ಜೇನಿನ ಹಳದಿ. ಶಿಲುಬೆಯ ಯೇಸು, ಸಮಾಧಿಯಿಂದೆದ್ದ ಯೇಸು, ಸುತ್ತ ರೇಷ್ಮೆ ತೊಟ್ಟ ಜನ. ಈ ಕಿಟಕಿಗಳು ಇದ್ದದ್ದು ಸೇಂಟ್ ವಿನ್ಸೆಂಟ್ ಚರ್ಚಿನಲ್ಲಿ. ಎರಡನೇ ಮಹಾಯುದ್ಧ ಶುರುವಾದಾಗ ಅವನ್ನು ಬಿಚ್ಚಿ ಜೋಪಾನವಾಗಿ ಬೇರೆಡೆ ಇಟ್ಟರು. 1944ರ ಬಾಂಬ್ ದಾಳಿಯಲ್ಲಿ ಚರ್ಚ್ ನೆಲಸಮವಾಯಿತು, ಗಾಜು ಉಳಿಯಿತು. ಗೋಡೆಗೆ ತಕ್ಕಂತೆ ಕಿಟಕಿ ಮಾಡಿಸುವುದು ಲೋಕರೂಢಿ. ಇಲ್ಲಿ ಕಿಟಕಿಗಾಗಿ ಗೋಡೆ ಎದ್ದಿತು. ಚೂರುಗಳನ್ನು ಹಿಡಿದ ಸೀಸದ ಗೆರೆಗಳನ್ನು ನೋಡುತ್ತಾ, ಅವನ್ನು ಇಳಿಸಿದ ಕೈಗಳಿಗೆ ಮನಸ್ಸಿನಲ್ಲೇ ನಮಸ್ಕರಿಸಿದೆ. ರುವಾನ್‌ನಲ್ಲಿ ಒಂದನ್ನೇ ನೋಡಲು ಹೊತ್ತಿದೆ ಎಂದರೆ ನಾನು ತೋರಿಸುವುದು ಇದನ್ನೇ.

ಸೇಬಿನ ಟಾರ್ಟ್ ತಿಂದು ಮತ್ತೆ ಕೆಥೆಡ್ರಲ್‌ಗೆ ಬಂದಾಗ ನಾಲ್ಕು ದಾಟಿತ್ತು. ಬಿಸಿಲು ನೇರ ಮುಂಭಾಗಕ್ಕೇ ಬಿದ್ದಿತ್ತು. ಬೆಳಿಗ್ಗೆ ಕಾಣದ ಗಡ್ಡಗಳು, ಸೆರಗುಗಳು, ಕಲ್ಲಿನ ಎಲೆಗಳು ಈಗ ಬಿಡಿಬಿಡಿಯಾಗಿದ್ದವು. “ಇದು ಬೇರೆಯದೇ ಚರ್ಚ್ ಕಣೇ” ಎಂದರು ಇವರು.

ನಿಲ್ದಾಣದ ದಾರಿಯಲ್ಲೇ ಲಲಿತಕಲಾ ವಸ್ತುಸಂಗ್ರಹಾಲಯ. ಮೊನೆಯ ಆ ಸರಣಿಯ ಒಂದು ಚಿತ್ರ ಅಲ್ಲಿದೆ. ಹತ್ತಿರ ಹೋದರೆ ಬಣ್ಣ ಗಾರೆ ಮೆತ್ತಿದಷ್ಟು ದಪ್ಪ, ಉಬ್ಬುತಗ್ಗು. ಹಿಂದಕ್ಕೆ ಸರಿದರೆ ಬಾಗಿಲು, ಕಮಾನು, ಗೋಪುರ ಒಂದೊಂದಾಗಿ ಕೂಡಿಕೊಳ್ಳುತ್ತವೆ. ಶಾಶ್ವತ ಸಂಗ್ರಹಕ್ಕೆ ಟಿಕೆಟ್ ಇಲ್ಲ. ಮಂಗಳವಾರ ಮಾತ್ರ ಹೋಗಬೇಡಿ, ಅಂದು ರಜೆ.