ಗುಲಾಬಿ ಪೆಟ್ಟಿಗೆಗೆ ಎರಡು ಅಪ್ಪಣೆ

ದೊಡ್ಡಬಳ್ಳಾಪುರದ ಹಸಿರುಮನೆಯೊಂದರಲ್ಲಿ ಕೊಯ್ದ ಗುಲಾಬಿಗಳನ್ನು ಯೂರೋಪಿಗೆ ಕಳುಹಿಸಬೇಕಾಗಿದೆ ಎಂದುಕೊಳ್ಳಿ. ಹಡಗಿನಲ್ಲಾದರೆ ವಾರಗಳೇ ಹಿಡಿಯುತ್ತವೆ. ವಿಮಾನದಲ್ಲಿ ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಸುಮಾರು 10 ಗಂಟೆ. ವಿಮಾನ ಸಿದ್ಧವಿದೆ, ಸರಕೂ ಸಿದ್ಧವಿದೆ. ಇನ್ನೇನು, ಹಾರಬಹುದಲ್ಲವೆ?

ಹಾರುವಂತಿಲ್ಲ. ಈ ಪೆಟ್ಟಿಗೆಗೆ ಎರಡು ಅಪ್ಪಣೆಗಳು ಬೇಕು. ವಿಮಾನವು ಪರದೇಶದ ಆಕಾಶವನ್ನು ಪ್ರವೇಶಿಸಲು ಒಂದು. ಪೆಟ್ಟಿಗೆಯು ಪರದೇಶದ ಮಾರುಕಟ್ಟೆಯನ್ನು ಪ್ರವೇಶಿಸಲು ಇನ್ನೊಂದು. ಮೊದಲನೆಯದು ವಾಯುಯಾನ ಒಪ್ಪಂದಗಳಿಗೆ ಸೇರಿದ್ದು. ಎರಡನೆಯದರ ಷರತ್ತುಗಳನ್ನು ವ್ಯಾಪಾರ ಒಪ್ಪಂದಗಳು ನಿರ್ಧರಿಸುತ್ತವೆ. ಎರಡರಲ್ಲಿ ಒಂದು ತಪ್ಪಿದರೂ ಹೂವು ಇದ್ದಲ್ಲೇ ಬಾಡುತ್ತದೆ. ಪ್ರಪಂಚದ ವ್ಯಾಪಾರದಲ್ಲಿ ಪ್ರಮಾಣದ ಲೆಕ್ಕಕ್ಕೆ ಶೇಕಡ 1ಕ್ಕೂ ಕಡಿಮೆ ಸರಕು ವಿಮಾನದಲ್ಲಿ ಸಾಗುತ್ತದೆ. ಆದರೆ ಬೆಲೆಯ ಲೆಕ್ಕಕ್ಕೆ ಅದು ಸುಮಾರು ಮೂರನೆಯ ಒಂದು ಭಾಗ. ಆದ್ದರಿಂದ ಈ ಅಪ್ಪಣೆಗಳು ಸಣ್ಣ ಸಂಗತಿಯಲ್ಲ.

ಮೊದಲು ಆಕಾಶದ ಅಪ್ಪಣೆಯನ್ನು ನೋಡೋಣ. 1944ರ ಡಿಸೆಂಬರ್‌ನಲ್ಲಿ ಷಿಕಾಗೋ ನಗರದಲ್ಲಿ ಸೇರಿದ್ದ ರಾಷ್ಟ್ರಗಳು ಒಂದು ತತ್ತ್ವವನ್ನು ಒಪ್ಪಿದವು: ತನ್ನ ನೆಲದ ಮೇಲಿನ ಆಕಾಶಕ್ಕೆ ಆಯಾ ದೇಶವೇ ಒಡೆಯ. ಹೀಗಾಗಿ ಪ್ರತಿ ಹಕ್ಕನ್ನೂ ಕೇಳಿ ಪಡೆಯಬೇಕಾಯಿತು. ಈ ಹಕ್ಕುಗಳನ್ನು ‘ಆಕಾಶದ ಸ್ವಾತಂತ್ರ್ಯಗಳು’ ಎನ್ನುತ್ತಾರೆ. ಒಂದು ದೇಶದ ಮೇಲೆ ಇಳಿಯದೆ ಹಾದುಹೋಗುವುದು ಮೊದಲನೆಯದು. ಇಂಧನ ಮುಂತಾದ ತಾಂತ್ರಿಕ ಕಾರಣಕ್ಕೆ ಇಳಿಯುವುದು ಎರಡನೆಯದು. ಸ್ವದೇಶದಿಂದ ಸರಕು ಒಯ್ಯುವುದು ಮೂರನೆಯದು, ಸ್ವದೇಶಕ್ಕೆ ತರುವುದು ನಾಲ್ಕನೆಯದು. ಸ್ವದೇಶದಿಂದ ಹೊರಟ ಯಾನದಲ್ಲಿ ಎರಡು ಪರದೇಶಗಳ ನಡುವೆಯೂ ಸರಕು ಸಾಗಿಸುವುದು ಐದನೆಯದು.

ಸರಕು ವಿಮಾನಕ್ಕೆ ಈ ಐದನೆಯದು ಬಹು ಮುಖ್ಯ. ಏಕೆ? ಪ್ರವಾಸಕ್ಕೆ ಹೋದವನು ಸಾಮಾನ್ಯವಾಗಿ ಮನೆಗೆ ಮರಳುತ್ತಾನೆ. ಭೌತವಿಜ್ಞಾನದ ಮಾತಿನಲ್ಲಿ ಹೇಳುವುದಾದರೆ ಅವನ ಸ್ಥಾನಪಲ್ಲಟ ಕೊನೆಗೆ ಸೊನ್ನೆ. ಆದರೆ ಗುಲಾಬಿ ಮರಳಿ ಬರುವುದಿಲ್ಲ. ಹೂ ಇಳಿಸಿದ ಊರಿನಲ್ಲಿ ಹಿಂದಿರುಗುವ ಸರಕು ಸಿಗದಿದ್ದರೆ ವಿಮಾನವು ಇನ್ನೊಂದು ದೇಶಕ್ಕೆ ಹೋಗಿ ತುಂಬಿಕೊಳ್ಳಬೇಕು. ಆ ಹಕ್ಕಿಲ್ಲದಿದ್ದರೆ ಬರಿದಾಗಿ ಹಾರಬೇಕು. ಆ ನಷ್ಟ ಬಾಡಿಗೆಗೆ ಸೇರಿ ಕೊನೆಗೆ ಬೆಳೆಗಾರನ ಹೆಗಲಿಗೇ ಬರುತ್ತದೆ.

ಈಗ ಎರಡನೆಯ ಅಪ್ಪಣೆ. 1996ರಲ್ಲಿ ಸಿಂಗಪುರದಲ್ಲಿ ರೂಪುಗೊಂಡ ಮಾಹಿತಿ ತಂತ್ರಜ್ಞಾನ ಒಪ್ಪಂದವು ಕಂಪ್ಯೂಟರ್, ಸೆಮಿಕಂಡಕ್ಟರ್ ಮುಂತಾದವುಗಳ ಮೇಲಿನ ಆಮದು ಸುಂಕವನ್ನು ಹಂತಹಂತವಾಗಿ ತೆಗೆಯಲು ದಾರಿ ಮಾಡಿತು. ಭಾರತ 1997ರಲ್ಲಿ ಅದನ್ನು ಸೇರಿತು. ತೂಕ ಕಡಿಮೆ, ಬೆಲೆ ಹೆಚ್ಚು. ಇಂತಹ ವಸ್ತುಗಳು ವಿಮಾನಕ್ಕೆ ಹೇಳಿ ಮಾಡಿಸಿದಂತಹವು. ಆದರೆ ಸುಂಕ ಇಳಿದರಷ್ಟೇ ಸಾಲದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವಂತೆ, 10 ಗಂಟೆಯಲ್ಲಿ ಹಾರಿ ಬಂದ ಹೂವು ಸುಂಕದ ಕಟ್ಟೆಯಲ್ಲಿ ಎರಡು ದಿನ ಕುಳಿತರೆ ಫಲವೇನು? 2017ರ ಫೆಬ್ರವರಿ 22ರಂದು ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ವ್ಯಾಪಾರ ಸುಗಮಗೊಳಿಸುವ ಒಪ್ಪಂದವು, ಬೇಗ ಕೆಡುವ ಸರಕನ್ನು ಸಾಮಾನ್ಯ ಸಂದರ್ಭಗಳಲ್ಲಿ ಸಾಧ್ಯವಾದಷ್ಟು ಕಡಿಮೆ ಸಮಯದಲ್ಲಿ ಬಿಡುಗಡೆ ಮಾಡಬೇಕೆಂದು ಹೇಳುತ್ತದೆ.

ಕೊಟ್ಟ ಅಪ್ಪಣೆಯನ್ನು ಹಿಂದಕ್ಕೂ ಪಡೆಯಬಹುದು. ಉಕ್ರೇನ್ ಯುದ್ಧದ ಹಿನ್ನೆಲೆಯಲ್ಲಿ 2022ರ ಫೆಬ್ರವರಿ ಕೊನೆಯಲ್ಲಿ ಯೂರೋಪಿನ ಒಕ್ಕೂಟವು ರಷ್ಯಾದ ವಿಮಾನಗಳಿಗೆ ಆಕಾಶವನ್ನು ಮುಚ್ಚಿತು. ರಷ್ಯಾ 36 ದೇಶಗಳ ವಿಮಾನಗಳಿಗೆ ತನ್ನದನ್ನು ಮುಚ್ಚಿತು. ಯೂರೋಪಿನಿಂದ ಜಪಾನಿಗೆ ಹೋಗುವ ಯೂರೋಪಿನ ವಿಮಾನಗಳು ಸುತ್ತಿ ಬಳಸಿ ಹಾರಬೇಕಾಯಿತು. ದಾರಿ ಉದ್ದವಾದಂತೆ ಇಂಧನ ಹೆಚ್ಚು ಬೇಕು. ವಿಮಾನ ಹೊರಬಲ್ಲ ಒಟ್ಟು ತೂಕಕ್ಕೆ ಮಿತಿಯಿರುವುದರಿಂದ ಸರಕನ್ನು ಕಡಿಮೆ ಮಾಡಬೇಕಾಗಬಹುದು.

ನಮ್ಮ ದೇಶ 1990ರ ದಶಕದ ಆರಂಭದಲ್ಲೇ ಸರಕು ವಿಮಾನಗಳಿಗೆ ಮುಕ್ತ ಆಕಾಶ ನೀತಿಯನ್ನು ತಂದಿತು. 2020ರಲ್ಲಿ ಅದನ್ನು ತಿದ್ದಿ, ನಿಗದಿತ ವೇಳಾಪಟ್ಟಿಯಿಲ್ಲದ ವಿದೇಶಿ ಸರಕು ವಿಮಾನಗಳನ್ನು ಬೆಂಗಳೂರು, ಚೆನ್ನೈ, ದೆಹಲಿ, ಹೈದರಾಬಾದ್, ಕೋಲ್ಕತ್ತಾ, ಮುಂಬಯಿ ಈ ಆರು ನಿಲ್ದಾಣಗಳಿಗೆ ಸೀಮಿತಗೊಳಿಸಲಾಯಿತು. ಬೇರೆಡೆ ಸ್ವದೇಶಿ ಕಂಪನಿಗಳಿಗೆ ಅವಕಾಶ ಹೆಚ್ಚಲಿ ಎಂಬುದು ಒಂದು ವಾದ. ವಿಮಾನಗಳ ಆಯ್ಕೆ ಕಡಿಮೆಯಾದಷ್ಟೂ ರಫ್ತುದಾರನಿಗೆ ಬಾಡಿಗೆಯ ಭಾರ ಹೆಚ್ಚು ಎಂಬುದು ಇನ್ನೊಂದು.

ಎರಡೂ ವಾದಗಳಲ್ಲಿ ಹುರುಳಿದೆ. ಸ್ವದೇಶಿ ವಿಮಾನ ಕಂಪನಿ ಬೆಳೆಯಬೇಕು; ಸ್ವದೇಶಿ ಹೂವೂ ಬಾಡಬಾರದು. ಎರಡನ್ನೂ ತೂಗಿಸುವ ಒಪ್ಪಂದ ಹೇಗಿರಬೇಕು? ತಜ್ಞರ ಚರ್ಚೆಯನ್ನು ನೋಡುವ ಮುನ್ನ ನಿಮ್ಮ ಉತ್ತರವನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಚರ್ಚೆ ಮುಗಿದ ಮೇಲೆ ಅದನ್ನು ಮತ್ತೊಮ್ಮೆ ಓದಿ ನೋಡಿ.